ದೇವನಗರಿಯಲ್ಲಿ ಮೂರು ದಿನ

ಬೆನ್ನಿಗೊಂದೊಂದು ಚೀಲವನ್ನೇರಿಸಿ ನಾವೂ ನಮ್ಮಾಕೆಯೂ ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕನ್ನು ನೋಡಹೋಗಿದ್ದೆವು. ಆ ದೇಶದವರು ಅದನ್ನು ‘ಕ್ರುಂಗ್ ತೇಪ್’, ಎಂದರೆ ದೇವನಗರಿ, ಎಂದು ಕರೆಯುವರು. ವಿಮಾನನಿಲ್ದಾಣದ ಹೆಸರೇ ‘ಸುವರ್ಣಭೂಮಿ’! ಸಂಸ್ಕೃತ ಬಲ್ಲವನು ಇಲ್ಲಿ ದಾರಿ ತಪ್ಪಲಾರನೆಂದು ಕೊಂಚ ಬೀಗಿದೆವು. ಆದರೆ ದೋಣಿಯವನೆದುರು ನಾವು ‘ಅರುಣ’ ಶಬ್ದವನ್ನು ಮೂರು ಬಾರಿ ಸ್ಪಷ್ಟವಾಗಿ ಉಚ್ಚರಿಸುವಷ್ಟರಲ್ಲಿ ನಮ್ಮಾಕೆ ನದಿಯಾಚೆಯ ಅರುಣದೇಗುಲದ ಶಿಖರದತ್ತ ಬೆರಳು ತೋರಿಸಿ ದೋಣಿಯನ್ನೇರಿಯಾಗಿದ್ದಿತು.

ವಾಟ್ ಫೋ ವಿಹಾರದ 46 ಮೀಟರುದ್ದದ ಶಯನಬುದ್ಧನನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ನಮ್ಮನ್ನು ತಡೆದು ನಿಲ್ಲಿಸಿದುದು 1782ರಲ್ಲಿ ಕಟ್ಟತೊಡಗಿದ ಅರಮನೆಯ ಆವರಣದೊಳಗಿನ ಪಚ್ಚೆಬುದ್ಧನ ಆಲಯ. ಅದರ ಪ್ರಾಕಾರದ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ಅವರ ರಾಮಾಯಣವಾದ ‘ರಾಮಕಿಯನ್’ ಹರಡಿದೆ. ಅಲ್ಲಿಯ ‘ತೋತ್ಸಕನ್’ ನಮ್ಮ ದಶಕಂಠನೇ. ಹನುಮಂತನಾದರೋ, ಸೇತುವೆಯ ಕಲ್ಲುಗಳನ್ನು ಕದ್ದೊಯ್ಯುವ ರಾವಣಪುತ್ರಿ ಸುವರ್ಣಮತ್ಸ್ಯೆಗೆ ಒಲಿದು ಮಗನನ್ನೂ ಪಡೆಯುತ್ತಾನೆಂಬುದು ಆ ಕಥೆ!

“ಛೆ, ಅಪಚಾರ!” ಎಂದೆವು. ಶನಿವಾರ ತಪ್ಪದೆ ಆಂಜನೇಯನಿಗೆ ಪ್ರದಕ್ಷಿಣೆ ಬರುವ ನಮ್ಮಾಕೆ ಕೊಂಚ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, “ಇವರ ಹನುಮ ಸಂಸಾರಿ. ಇರಲಿ ಬಿಡಿ, ನಮ್ಮವನು ಊರಲ್ಲಿದ್ದಾನಲ್ಲ” ಎಂದಳು.

ಹಿಂದಿರುಗುವ ದಿನ ಬಾಡಿಗೆ ಕಾರಿನವನಿಗೆ “ಸುವನ್ನಫೂಮ್” ಎಂದವಳೂ ಆಕೆಯೇ. ಕಾರು ಹೊರಟಿತು.