ಕಂಪ್ಯೂಟರಿನ ಕಿಟಕಿಯಲ್ಲಿ ಕೋಲಾಟ



ವಿಡಿಯೋದಲ್ಲಿ ಚಿತ್ರ ಓಡುತ್ತದೆ ಅಂತ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಯಾವ ಚಿತ್ರವೂ ಓಡುವುದಿಲ್ಲ! ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದು ಗೊಂಬೆ ಬರೆದು ಪಟಪಟ ಅಂತ ಬಿಟ್ಟರೆ ಗೊಂಬೆ ಕುಣಿಯುತ್ತದಲ್ಲ, ಇದೂ ಹಾಗೇ. ಸೆಕೆಂಡಿಗೆ 25 ಚಿತ್ರ ಇದ್ದರೆ ಒಂದು ನಿಮಿಷಕ್ಕೆ 1500 ಚಿತ್ರ.

ಇವನ್ನು ನಾವೇ ಪ್ರೋಗ್ರಾಮ್ ಬರೆದು ತೋರಿಸಬಹುದು. ಅದಕ್ಕೆ ಪೈಥಾನ್ ಎಂಬ ಭಾಷೆ ಇದೆ. ನೆದರ್‌ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಎಂಬವರು 1991ರಲ್ಲಿ ಇದನ್ನು ಹೊರತಂದರು. ಇದರ ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಒಂದು ಹಾಸ್ಯದ ಟಿ.ವಿ. ಕಾರ್ಯಕ್ರಮದಿಂದ! ಪೈಥಾನ್ ಜೊತೆಗೇ ಬರುವ ಟಿಕೆ-ಇಂಟರ್ ಕಿಟಕಿ ತೆರೆಯುತ್ತದೆ. ಓಪನ್‌ಸಿವಿ, ಪಿಲ್ಲೋ ಎಂಬ ಎರಡನ್ನು ಬೇರೆ ಹಾಕಿಕೊಳ್ಳಬೇಕು. ಓಪನ್‌ಸಿವಿ ವಿಡಿಯೋದಿಂದ ಒಂದೊಂದೇ ಚಿತ್ರ ತೆಗೆದುಕೊಡುತ್ತದೆ, ಪಿಲ್ಲೋ ಅದನ್ನು ಕಿಟಕಿಗೆ ಹೊಂದಿಸುತ್ತದೆ.

ಸ್ವಾತಂತ್ರ್ಯ ದಿನದಂದು ಬಿಸಿಯೂಟದ ಅಜ್ಜಿ ನಮ್ಮ ಜೊತೆ ಕೋಲಾಟ ಆಡಿದ್ದನ್ನು ಸರ್ ಮೊಬೈಲಿನಲ್ಲಿ ಹಿಡಿದಿದ್ದರು. ಅದನ್ನು ಕಂಪ್ಯೂಟರಿನಲ್ಲಿ ತೋರಿಸುತ್ತೇನೆ ಅಂತ ಅಜ್ಜಿಯನ್ನು ಕರೆದುಕೊಂಡು ಬಂದೆ. ಗುಂಡಿ ಒತ್ತಿದೆ. ಕಿಟಕಿ ಕಲ್ಲಿನ ಹಾಗೆ ನಿಂತುಬಿಟ್ಟಿತು. ಮುಚ್ಚೋಣ ಅಂದರೆ ಮುಚ್ಚಲೂ ಇಲ್ಲ. ಎಲ್ಲರೂ ನಕ್ಕರು. ಅಜ್ಜಿ ಪಾತ್ರೆ ತೊಳೆಯಲು ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು.

ಕಾರಣ ಆಮೇಲೆ ತಿಳಿಯಿತು. ಚಿತ್ರ ತೆಗೆ, ಹಾಕು, ಕಾಯಿ, ಮತ್ತೆ ತೆಗೆ ಎಂದು ನಾನು ಸುತ್ತು ಬರೆದಿದ್ದೆ. ಪ್ರೋಗ್ರಾಮ್ ಆ ಸುತ್ತಿನಲ್ಲೇ ಸಿಕ್ಕಿಕೊಂಡಿತ್ತು. ಊಟ ಬಡಿಸುವವರು ಒಬ್ಬರೇ ಇದ್ದು, ಒಬ್ಬನ ತಟ್ಟೆ ಮುಂದೆಯೇ ನಿಂತುಬಿಟ್ಟರೆ ಉಳಿದವರ ಗತಿ ಏನು? ಹಾಗೇ ಕಿಟಕಿಗೆ ಚಿತ್ರ ತೋರಿಸಲೂ ಮೌಸಿನ ಮಾತು ಕೇಳಲೂ ಪುರುಸೊತ್ತು ಸಿಗಲಿಲ್ಲ.

ಇದಕ್ಕೆ ಸರ್ ಹೇಳಿಕೊಟ್ಟ ಮದ್ದು ‘ಆಫ್ಟರ್’ ಎಂಬ ಆಜ್ಞೆ. ಒಂದು ಚಿತ್ರ ಹಾಕಿದೆ, 40 ಮಿಲಿಸೆಕೆಂಡ್ ಆದ ಮೇಲೆ ನನ್ನನ್ನು ಕರೆ, ಅಲ್ಲೀವರೆಗೆ ನಿನ್ನ ಕೆಲಸ ನೋಡಿಕೋ ಎಂದು ಅದರ ಅರ್ಥ. 1000 ಮಿಲಿಸೆಕೆಂಡನ್ನು 25ರಿಂದ ಭಾಗಿಸಿದರೆ 40. ಭಾಗಾಕಾರ ಇಲ್ಲೂ ಬಿಡಲಿಲ್ಲ ನೋಡಿ!

ಮರುದಿನ ಚಿತ್ರ ಓಡಿತು. ಆದರೆ ಅಜ್ಜಿಯ ಮುಖ ನೀಲಿ! ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಕೊಡುತ್ತದೆ. ಪಿಲ್ಲೋ ಕೆಂಪು, ಹಸಿರು, ನೀಲಿ ಅಂತ ಓದುತ್ತದೆ. ಕ್ರಮ ತಿರುಗಿಸಿದ ಮೇಲೆ ಸರಿಹೋಯಿತು.

ಈ ರೀತಿ ಬರೆದರೆ ಚಿತ್ರ ಮಾತ್ರ ಬರುತ್ತೆ, ಧ್ವನಿ ಬರಲ್ಲ. ಅದಕ್ಕೆ ಕೋಲಿನ ಸದ್ದನ್ನು ನಾವೇ ಬೆಂಚಿನ ಮೇಲೆ ಬಡಿದೆವು. ಅಜ್ಜಿ ಮೂರು ಸಲ ಹಾಕಿಸಿಕೊಂಡು ನೋಡಿದರು.

ಮೊಬೈಲಿನಲ್ಲೇ ಒತ್ತಿದ್ದರೆ ಸಾಕಿತ್ತಲ್ಲ ಅಂತ ನೀವು ಕೇಳಬಹುದು. ಒತ್ತಿದರೆ ನೋಡಬಹುದು ಅಷ್ಟೇ. ನಾವೇ ಬರೆದರೆ ಒಳಗೆ ಏನು ನಡೆಯುತ್ತೆ ಅಂತ ತಿಳಿಯುತ್ತೆ. ನೀವೂ ಬರೆದು ನೋಡಿ.

– 7ನೇ ತರಗತಿ