ಮಾಲು ಹೋಯಿತು, ಹಣ ಬರಲಿಲ್ಲ
(ಮೊಬೈಲಿನಲ್ಲಿ ಮಾರುವ ಸದಸ್ಯರ ಗಮನಕ್ಕೆ)

ಹರದನಹಳ್ಳಿ ಸುತ್ತಿನ ನಮ್ಮ ಸದಸ್ಯರೊಬ್ಬರು ಕಳೆದ ಸುಗ್ಗಿಯಲ್ಲಿ ಹತ್ತು ಕ್ವಿಂಟಾಲ್ ಅಡಿಕೆಯನ್ನು ಮೊಬೈಲಿನಲ್ಲಿಯೇ ಮಾರಿದರು. ಫೋಟೋ ಕಳಿಸಿದ್ದಾಯಿತು, ಧಾರಣೆ ಮಾತಾಯಿತು, ಹೊರರಾಜ್ಯದ ವ್ಯಾಪಾರಿ 'ಓಕೆ' ಎಂದೂ ಬರೆದ. ಲಾರಿ ಚಿತ್ರದುರ್ಗ ದಾಟುವ ಹೊತ್ತಿಗೆ ಅವನಿಂದ ಎರಡು ಸಾಲು ಬಂತು: ಇಲ್ಲಿ ಧಾರಣೆ ಇಳಿದಿದೆ, ಮಾಲು ಬೇಡ. ಲಾರಿ ಹಿಂದಿರುಗಿತು. ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಇವರ ತಲೆಗೇ ಬಿತ್ತು. ಮರುದಿನ ಸಂಘದ ಕಚೇರಿಗೆ ಬಂದವರು ಕೇಳಿದ್ದು ಒಂದೇ ಮಾತು: "ಇದನ್ನ ಕೇಳೋರೇ ಇಲ್ವಾ?"

ಕೇಳುವವರಿದ್ದಾರೆ. ಆದರೆ ಕೇಳಲು ಹೋಗುವಾಗ ನಮ್ಮ ಕೈಯಲ್ಲಿ ಏನಾದರೂ ಇರಬೇಕು. ಈ ಸದಸ್ಯರ ಕೈಯಲ್ಲಿದ್ದದ್ದು ಒಂದು 'ಓಕೆ' ಮಾತ್ರ. ಮುಂಗಡವಿಲ್ಲ, ಕರಾರಿಲ್ಲ, ಆ ವ್ಯಾಪಾರಿಯ ಅಂಗಡಿ ಯಾವ ಬೀದಿಯಲ್ಲಿದೆ ಎಂಬುದೂ ತಿಳಿದಿರಲಿಲ್ಲ. ಇಂಥ ಪ್ರಕರಣಗಳು ಈಚೆಗೆ ಹೆಚ್ಚುತ್ತಿರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಹಿರಿಯ ಬೆಳೆಗಾರರಿಗೆ ಈ ಚಿಂತೆಯೇ ಇರಲಿಲ್ಲ. ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಹಾಕುತ್ತಿದ್ದರು. ಹಣ ಕಂತುಕಂತಾಗಿ ಬರುತ್ತಿತ್ತು. ಬೇಗ ಬರುವುದಿಲ್ಲವೆಂದು ಗೊಣಗಿದವರು ಬೇಕಾದಷ್ಟು ಜನ, ಆದರೆ ಕೊಂಡವನು ಓಡಿಹೋದಾನು ಎಂಬ ಭಯ ಯಾರಿಗೂ ಇರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಹಂತಹಂತವಾಗಿ ಬಂತು. 1996ರಲ್ಲಿ ದೊಡ್ಡ ಬೆಳೆಗಾರರಿಗೂ ಪೂರ್ತಿ ಬಿಡುಗಡೆಯಾಯಿತು. (ಆ ವರ್ಷ ಜೂನ್‌ನಲ್ಲಿ ಪ್ರಧಾನಿಯಾದವರು ಹರದನಹಳ್ಳಿಯಲ್ಲಿ ಹುಟ್ಟಿದ ಶ್ರೀ ಹೆಚ್.ಡಿ. ದೇವೇಗೌಡರು ಎಂಬುದನ್ನು ನಮ್ಮೂರವರಿಗೆ ಹೇಳಬೇಕಾಗಿಲ್ಲ.) ಅಡಿಕೆಯ ಕಥೆ ಬೇರೆ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಕೊಳ್ಳುವವರೇ ಇಲ್ಲದಂತಾದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೊಳ್ಳುವವನು ಗಟ್ಟಿಯಾಗಿರಬೇಕು ಎಂಬುದೇ ಸಹಕಾರಿ ಮಾರಾಟದ ಮೊದಲ ಲಾಭ. ಧಾರಣೆಯಲ್ಲಿ ಸಿಗುವ ನಾಲ್ಕು ಕಾಸು ಆಮೇಲಿನದು.

ಆನ್‌ಲೈನ್ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ನಡೆಯುವ ಆನ್‌ಲೈನ್ ಟೆಂಡರಿನಲ್ಲಿ ಮಾಲು ಯಾರ್ಡಿನಲ್ಲಿಯೇ ಇರುತ್ತದೆ, ಕೊಳ್ಳುವವನಿಗೆ ಲೈಸೆನ್ಸ್ ಇರುತ್ತದೆ, ಬೆಲೆ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಬೇಡವೆನ್ನಬಹುದು, ತಂಟೆಯಾದರೆ ಸಮಿತಿಯ ಕಚೇರಿ ಅಲ್ಲಿಯೇ ಇದೆ. ಅದಕ್ಕೂ, ವಾಟ್ಸಾಪಿನಲ್ಲಿ ಮುಖ ನೋಡದವನಿಗೆ ಮಾಲು ಕಳಿಸುವುದಕ್ಕೂ ಅಜಗಜಾಂತರ. ಈ ಲೇಖನ ಎರಡನೆಯದನ್ನು ಕುರಿತದ್ದು.

ಮೊದಲು ಚಿಲ್ಲರೆ ಮಾರಾಟ. ನಮ್ಮ ಕೆಲವು ಯುವ ಸದಸ್ಯರು ಮನೆಯಲ್ಲಿಯೇ ಕಾಫಿ ಹುರಿದು, ಪುಡಿ ಮಾಡಿ, ಅರ್ಧ ಕೆ.ಜಿ. ಪೊಟ್ಟಣ ಕಟ್ಟಿ ಬೆಂಗಳೂರು, ಪುಣೆಗಳಿಗೆ ಕಳಿಸುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಬಹಳ ಮಂದಿ 'ಮನೆಗೆ ಬಂದ ಮೇಲೆ ಹಣ' ಎಂಬ ಪದ್ಧತಿಯಲ್ಲಿ ಕಳಿಸುತ್ತಾರೆ. ಇದು ಹೊಸದೇನಲ್ಲ. ಹಿಂದೆ ಅಂಚೆಯಲ್ಲಿ ವಿ.ಪಿ.ಪಿ. ಇತ್ತಲ್ಲ, ಅದರ ಮೊಮ್ಮಗ. ಆಗಲೂ ಪುಸ್ತಕದಂಗಡಿಯವರು, ಔಷಧದವರು 'ವಿ.ಪಿ. ವಾಪಸು ಮಾಡಬೇಡಿ' ಎಂದು ಗಿರಾಕಿಗಳಿಗೆ ಕೈಮುಗಿದು ಅಚ್ಚು ಹಾಕಿಸುತ್ತಿದ್ದರು.

ವಾಪಸು ಬಂದರೆ ಏನಾಗುತ್ತದೆಂದು ಒಂದು ಲೆಕ್ಕ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಹಾಕಿಕೊಂಡವು, ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿ. ಪೊಟ್ಟಣವೊಂದಕ್ಕೆ ಎಲ್ಲ ಖರ್ಚು ಕಳೆದು 60 ರೂ. ಉಳಿಯುತ್ತದೆ ಎನ್ನೋಣ. ಹತ್ತು ಪೊಟ್ಟಣ ಕಳಿಸಿದಿರಿ, ಏಳನ್ನು ತೆಗೆದುಕೊಂಡರು: ಲಾಭ 420 ರೂ. ಮೂರು ಹಿಂದಿರುಗಿದವು. ಒಂದೊಂದಕ್ಕೆ ಹೋಗುವ ಕೊರಿಯರ್ 70, ಬರುವುದಕ್ಕೆ 50, ಡಬ್ಬ ಮತ್ತು ಟೇಪಿಗೆ 15, ಒಟ್ಟು 135 ರೂ. ಮೂರಕ್ಕೆ 405. ಕೈಯಲ್ಲಿ ಉಳಿದದ್ದು 15 ರೂಪಾಯಿ! ಮೂರು ವಾರ ಊರೂರು ಸುತ್ತಿ ಬಂದ ಪುಡಿಯ ಘಮ ಹೋಗಿರುವುದು ಈ ಲೆಕ್ಕಕ್ಕೆ ಸೇರಿಲ್ಲ. ಅದನ್ನು ಇನ್ನೊಬ್ಬ ಗಿರಾಕಿಗೆ ಕಳಿಸಿದರೆ ಅವನೂ ಕೈಬಿಟ್ಟುಹೋಗುತ್ತಾನೆ.

ಆದ್ದರಿಂದ ಹೊಸ ಗಿರಾಕಿಯಿಂದ ಪೂರ್ತಿ ಹಣ ಅಥವಾ ಕನಿಷ್ಠ ಎರಡು ಕಡೆಯ ಕೊರಿಯರ್ ಖರ್ಚಿನಷ್ಟಾದರೂ ಮುಂಗಡ ಪಡೆಯಿರಿ. ಮುಂಚಿತವಾಗಿ ಹಣ ಕೊಟ್ಟವರಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ ಮಾಡಿದರೂ ನಷ್ಟವಿಲ್ಲ. ಕಳಿಸುವ ಮುನ್ನ ಒಮ್ಮೆ ಫೋನ್ ಮಾಡಿ ವಿಳಾಸ ಕೇಳಿ. ಫೋನ್ ಎತ್ತದವನು ಪಾರ್ಸೆಲ್ಲನ್ನೂ ಎತ್ತಿಕೊಳ್ಳಲಾರ. ಹುರಿಯುವುದನ್ನು ಆರ್ಡರು ಖಾತ್ರಿಯಾದ ಮೇಲೆಯೇ ಇಟ್ಟುಕೊಳ್ಳಿ. ಬೀಜ ಕಾಯುತ್ತದೆ, ಪುಡಿ ಕಾಯುವುದಿಲ್ಲ.

ಗ್ರಾಹಕನ ಹಕ್ಕನ್ನೂ ಮರೆಯಬಾರದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವೇದಿಕೆಯ ಮೂಲಕ ಮಾರುವವನು ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಚಿಕೋರಿ ಬೆರೆಸಿ ಶುದ್ಧ ಕಾಫಿ ಎಂದು ಬರೆದರೆ ಆ ರದ್ದತಿಗೆ ನಾವೇ ಹೊಣೆ.

ಇನ್ನು ಮೂಟೆ ಲೆಕ್ಕದ ವ್ಯಾಪಾರ. ನಿಜವಾದ ಅಪಾಯವಿರುವುದು ಇಲ್ಲಿ, ಏಕೆಂದರೆ ಒಂದು ಲಾರಿಯಲ್ಲಿ ಒಂದು ವರ್ಷದ ಬೆಳೆ ಹೋಗುತ್ತದೆ. ಇಲ್ಲಿ ನಮ್ಮ ಬಿನ್ನಹ ಇಷ್ಟೇ: ಹಣ ಬರುವ ತನಕ ಮಾಲಿನ ಮೇಲಿನ ಹಿಡಿತ ಬಿಡಬೇಡಿ. 1930ರ ಸರಕು ಮಾರಾಟ ಕಾಯಿದೆ ಮಾರುವವನಿಗೆ ಈ ವಿಷಯದಲ್ಲಿ ಒಳ್ಳೆಯ ಆಸರೆ ಕೊಟ್ಟಿದೆ. ಉದ್ರಿ ಮಾತಾಗಿರದಿದ್ದರೆ, ಹಣ ಬರುವವರೆಗೆ ಮಾಲನ್ನು ತನ್ನಲ್ಲಿಯೇ ತಡೆದಿಟ್ಟುಕೊಳ್ಳುವ ಹಕ್ಕು ಅವನಿಗಿದೆ. ಲಾರಿಗೆ ಹಾಕಲೇಬೇಕಾದರೆ ಲಾರಿ ರಸೀದಿಯನ್ನು ಕೊಳ್ಳುವವನ ಹೆಸರಿಗೆ ಮಾಡಿಸದೆ ನಿಮ್ಮ ಹೆಸರಿಗೇ, ಅಂದರೆ 'ಸೆಲ್ಫ್' ಎಂದು ಮಾಡಿಸಿ. ಹಣ ಖಾತೆಗೆ ಬಿದ್ದ ಮೇಲೆ ಹಿಂಬರಹ ಮಾಡಿ ರಸೀದಿ ಕೊಡಿ. ರಸೀದಿ ಇಲ್ಲದೆ ಮಾಲು ಬಿಡಕೂಡದೆಂದು ಟ್ರಾನ್ಸ್‌ಪೋರ್ಟಿನವರಿಗೂ ಬರೆದು ತಿಳಿಸಿ.

ಕೊಳ್ಳುವವನು ತಪ್ಪು ಕಾರಣಕ್ಕೆ ಮಾಲು ನಿರಾಕರಿಸಿದರೆ ನಷ್ಟ ಕೇಳುವ ಹಕ್ಕಿದೆ. ಕ್ವಿಂಟಾಲಿಗೆ 50,000 ರೂ. ಎಂದು ಒಪ್ಪಿದ್ದ ಹತ್ತು ಕ್ವಿಂಟಾಲ್ ಅಡಿಕೆ ಆ ದಿನದ ಪೇಟೆಯಲ್ಲಿ 47,000ಕ್ಕೆ ಹೋಯಿತೆನ್ನಿ. ಆ ಅಂತರ 30,000 ರೂ. ಅವನ ಮೇಲೆ ಬರುತ್ತದೆ, ನಿರಾಕರಣೆಯಿಂದಲೇ ನೇರವಾಗಿ ಆದ ಬಾಡಿಗೆ ಖರ್ಚನ್ನೂ ಸೇರಿಸಿ ಕೇಳಬಹುದು. ಆದರೆ ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಸಿಟ್ಟಿನಲ್ಲಿ ಮಾಲನ್ನು ಅಂದೇ ಬೇರೆಯವರಿಗೆ ಮಾರಿಬಿಡುತ್ತಾರೆ. 'ಇಷ್ಟು ದಿನದೊಳಗೆ ಹಣ ಕೊಟ್ಟು ಮಾಲು ಒಯ್ಯದಿದ್ದರೆ ಬೇರೆಯವರಿಗೆ ಮಾರುತ್ತೇವೆ' ಎಂದು ಮೊದಲು ನೋಟೀಸು ಕೊಡಬೇಕು. ನೋಟೀಸಿಲ್ಲದೆ ಮಾರಿದರೆ ಮರುಮಾರಾಟದ ನಷ್ಟವನ್ನು ಕೇಳುವ ಹಕ್ಕು ಹೋಗುತ್ತದೆ, ಲಾಭ ಬಂದರೆ ಅದೂ ಅವನದಾಗುತ್ತದೆ. ಬೇಗ ಕೆಡುವ ಮಾಲಿಗೆ ಮಾತ್ರ ಈ ನೋಟೀಸು ಬೇಕಿಲ್ಲ. ಒಣ ಅಡಿಕೆ, ಕಾಫಿ ಬೀಜ ಆ ಸಾಲಿಗೆ ಸೇರುತ್ತವೆಂದು ವಾದಿಸುವುದು ಕಷ್ಟ. ನಮ್ಮ ಮೇಲೆ ಹೇಳಿದ ಸದಸ್ಯರೂ ಈ ನೋಟೀಸು ಕೊಟ್ಟಿರಲಿಲ್ಲ.

ಮಾಲು ಇಳಿಸಿಕೊಂಡು ಹಣ ಕೊಡದವರ ದಾರಿಯೇ ಬೇರೆ. ಇಂಥವರು ಸಾಮಾನ್ಯವಾಗಿ ಒಂದು ಚೆಕ್ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ಚೆಕ್ಕಿನ ಆಯುಷ್ಯ ಅದರ ತಾರೀಖಿನಿಂದ ಮೂರೇ ತಿಂಗಳು. ಹಣವಿಲ್ಲವೆಂದು ಅದು ಹಿಂದಿರುಗಿದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಅವನು ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ದಿನ ತಪ್ಪಿದರೆ ಕೇಸು ಸಡಿಲವಾಗುತ್ತದೆ. 'ನಾಳೆ ಹಾಕ್ತೀನಿ ಅಣ್ಣ' ಎಂಬ ಮಾತು ಕೇಳಿಕೊಂಡೇ ಈ 30 ದಿನ ಕಳೆದುಕೊಂಡವರು ನಮ್ಮಲ್ಲಿ ಇದ್ದಾರೆ. ಒಂದು ಸಮಾಧಾನವೆಂದರೆ, 2015ರ ತಿದ್ದುಪಡಿಯಾದ ಮೇಲೆ, ನಮ್ಮ ಖಾತೆಗೆ ಹಾಕಿದ ಚೆಕ್ಕಿನ ಕೇಸನ್ನು ನಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಹಾಕಬಹುದು. ಕೊಂಡವನು ದೆಹಲಿಯವನಾದರೂ ಹೊಳೆನರಸೀಪುರಕ್ಕೆ ಅವನೇ ಬರಬೇಕು.

ಚೆಕ್ಕೂ ಇಲ್ಲದಿದ್ದರೆ ಬಾಕಿಗಾಗಿ ದಾವೆ ಹೂಡಲು ಮೂರು ವರ್ಷದ ಅವಧಿ ಇದೆ. ಅಷ್ಟರೊಳಗೆ ಬಾಕಿ ಉಂಟೆಂದು ಅವನು ಬರೆದು ಸಹಿ ಹಾಕಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ. ದಾವೆಗೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ರಾಜಿಗೆ ಕರೆಸಿ ನೋಡುವುದು ಖರ್ಚು ಕಡಿಮೆಯ ದಾರಿ. ಕಾಫಿ ಹುರಿದು ಪುಡಿ ಮಾಡಿ ಅಂಗಡಿ, ಹೋಟೆಲುಗಳಿಗೆ ಕೊಡುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಲೇಸು. 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ ಅಂಥವರಿಗೆ ಕೊಳ್ಳುವವನು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಬೀಳುತ್ತದೆ. ತೋಟದ ಬೆಳೆಯನ್ನು ಹಾಗೆಯೇ ಮಾರುವವರಿಗೆ ಈ ಅನುಕೂಲವಿಲ್ಲ.

ಇವರೆಲ್ಲ ವ್ಯಾಪಾರಿಗಳಾದರು. ವ್ಯಾಪಾರಿಯೇ ಅಲ್ಲದವನೂ ಒಬ್ಬನಿದ್ದಾನೆ. ತಾನು ಮಿಲಿಟರಿಯವನು, ಕ್ಯಾಂಟೀನಿಗೆ ಐವತ್ತು ಕೆ.ಜಿ. ಪುಡಿ ಬೇಕು ಎನ್ನುತ್ತಾನೆ. ಚೌಕಾಸಿಯೇ ಮಾಡುವುದಿಲ್ಲ. ಅಲ್ಲಿಯೇ ನಮಗೆ ಅನುಮಾನ ಬರಬೇಕು! ಹಣ ಕಳಿಸುತ್ತೇನೆಂದು ಒಂದು ಕ್ಯೂಆರ್ ಚಿತ್ರ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಎಂದಿಗೂ ಬೇಕಿಲ್ಲ. ಇನ್ನು ಕೆಲವರು ಹಣ ಹಾಕಿದಂತೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಚಿತ್ರವನ್ನಾಗಲಿ, ಎಸ್ಸೆಮ್ಮೆಸ್ಸನ್ನಾಗಲಿ ನಂಬದೆ ನಿಮ್ಮ ಖಾತೆಯನ್ನೇ ತೆರೆದು ನೋಡಿ, ಆಮೇಲೆ ಮೂಟೆ ಎತ್ತಿಸಿ. ಹಣ ಹೋಗಿಯೇಬಿಟ್ಟಿದ್ದರೆ ಆ ಗಳಿಗೆಯಲ್ಲಿಯೇ 1930 ಸಂಖ್ಯೆಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯಲು ಸಾಧ್ಯವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ನಿಜವಾದ ವ್ಯಾಪಾರಿ ಬಾಕಿ ಉಳಿಸಿಕೊಂಡಿದ್ದರೆ ಮಾತ್ರ ಇದು ಉಪಯೋಗಕ್ಕೆ ಬಾರದು. ಅದು ಸಿವಿಲ್ ವ್ಯಾಜ್ಯವೆಂದು ಠಾಣೆಯಲ್ಲಿ ಹಿಂದಕ್ಕೆ ಕಳಿಸುವುದೇ ಹೆಚ್ಚು.

ಒಂದು ಕಹಿ ಮಾತು ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗಲಾರದು. ಮಾತು ತಪ್ಪುವವರು ಕೊಳ್ಳುವವರಲ್ಲಿ ಮಾತ್ರವೇ ಇಲ್ಲ. ಧಾರಣೆ ಏರಿದ ವಾರ ಫೋನ್ ಆಫ್ ಮಾಡಿಕೊಂಡ ಬೆಳೆಗಾರರನ್ನೂ ನಾವು ಕಂಡಿದ್ದೇವೆ. ಮೇಲೆ ಒಳ್ಳೆಯ ರಾಶಿ, ಚೀಲದ ತಳದಲ್ಲಿ ಹಸಿ ಅಡಿಕೆ ತುಂಬಿದ ಪ್ರಕರಣವೂ ಕಚೇರಿಗೆ ಬಂದಿದೆ. ಅಂಥ ಮಾಲನ್ನು ಕೊಳ್ಳುವವನು ತಿರಸ್ಕರಿಸಿದರೆ ಅದು ರದ್ದತಿಯಲ್ಲ, ಅವನ ಹಕ್ಕು. ಆದ್ದರಿಂದ ಮಾದರಿಯನ್ನು ಎರಡು ಪೊಟ್ಟಣ ಕಟ್ಟಿ, ಇಬ್ಬರೂ ಸಹಿ ಹಾಕಿದ ಚೀಟಿ ಅಂಟಿಸಿ, ಒಂದನ್ನು ನಿಮ್ಮಲ್ಲಿಟ್ಟುಕೊಳ್ಳಿ. ತೇವಾಂಶ ಎಷ್ಟೆಂದು ಬರೆದಿಡಿ. ಮಾತುಕತೆಯ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಮೊಬೈಲ್ ಬದಲಿಸುವ ಮಕ್ಕಳಿಗೂ ಇದನ್ನು ಹೇಳಿ.

ಕರಾರು ದೊಡ್ಡದಾಗಿರಬೇಕಿಲ್ಲ. ಮಾಲು, ದರ್ಜೆ, ತೂಕ, ಧಾರಣೆ, ಎಷ್ಟು ಮುಂಗಡ, ಉಳಿದ ಹಣ ಯಾವ ದಿನ, ರದ್ದಾದರೆ ಬಾಡಿಗೆ ಯಾರದು, ವ್ಯಾಜ್ಯವಾದರೆ ಹೊಳೆನರಸೀಪುರದ ನ್ಯಾಯಾಲಯ: ಇಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಈ ನಮೂನೆಯನ್ನೂ, ಮರುಮಾರಾಟದ ನೋಟೀಸಿನ ನಮೂನೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಸುಗ್ಗಿಗೆ ಮುಂಚೆ ಬಂದು ಒಯ್ಯಬಹುದು.