ವಿಮಾನ ಸರಕು ಸಾಗಣೆ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮೂಲಕ ಸಾಗುವ ಸರಕಿನ ಪ್ರಮಾಣವು 2024-25ನೇ ಆರ್ಥಿಕ ವರ್ಷದಲ್ಲಿ ಮೊದಲ ಬಾರಿಗೆ 5 ಲಕ್ಷ ಟನ್‌ಗಳನ್ನು ದಾಟಿತು. 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಈ ನಿಲ್ದಾಣದಲ್ಲಿ ಬೇಗ ಕೆಡುವ ಪದಾರ್ಥಗಳಿಗೆ ಪ್ರತ್ಯೇಕ ಶೀತಲ ಕೇಂದ್ರವಿದೆ. ದೇಶದೊಳಗಿನ ಸರಕಿಗೆಂದೇ ವರ್ಷಕ್ಕೆ ಸುಮಾರು 3.6 ಲಕ್ಷ ಟನ್ ಸಾಮರ್ಥ್ಯದ ಹೊಸ ಟರ್ಮಿನಲ್ 2025ರಲ್ಲಿ ಆರಂಭಗೊಂಡಿತು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸಣ್ಣ ಉತ್ಪಾದಕರಿಗೆ ನಿಲ್ದಾಣದೊಳಗಿನ ಈ ವಿಸ್ತರಣೆಯಷ್ಟೇ ಸಾಲದು. ನಮ್ಮ ತೊಡಕುಗಳಲ್ಲಿ ಹೆಚ್ಚಿನವು ಸರಕು ಅಲ್ಲಿಯ ಬಾಗಿಲು ಮುಟ್ಟುವುದಕ್ಕೆ ಮೊದಲೇ ಎದುರಾಗುತ್ತವೆ.

ಎಲ್ಲ ಸರಕೂ ವಿಮಾನಕ್ಕೆ ತಕ್ಕುದಲ್ಲ. ಕನಕಪುರದ ಗ್ರಾನೈಟ್ ಹಡಗಿನಲ್ಲಿಯೇ ಹೋಗಬೇಕು. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ರೀಲರುಗಳ ಕೈ ಸೇರುತ್ತದೆ. ತೂಕಕ್ಕಿಂತ ಬೆಲೆ ಹೆಚ್ಚಿರುವ ರೇಷ್ಮೆ ಬಟ್ಟೆ, ಹಬ್ಬದ ಗಡುವಿಗೆ ತಲುಪಬೇಕಾದ ಚನ್ನಪಟ್ಟಣದ ಬೊಂಬೆ, ದಿನ ಕಾಯದ ಮಾವು, ಈ ಮೂರಕ್ಕೆ ವಿಮಾನ ಮಾರ್ಗವು ಒಪ್ಪುತ್ತದೆ.

ಬಾಡಿಗೆಯ ಲೆಕ್ಕವನ್ನು ಹೊಸ ರಫ್ತುದಾರರು ಮೊದಲೇ ಅರಿತಿರಬೇಕು. ವಿಮಾನ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. ಸಾಮಾನ್ಯವಾಗಿ 6,000 ಘನ ಸೆಂಟಿಮೀಟರಿಗೆ 1 ಕಿಲೋ ಎಂದು ಹಿಡಿಯಲಾಗುತ್ತದೆ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ 9 ಕಿಲೋ ಬೊಂಬೆ ತುಂಬಿದರೂ 16 ಕಿಲೋಗೆ ಹಣ ತೆರಬೇಕು. ಮಿಕ್ಕ 7 ಕಿಲೋ ಬರಿಯ ಗಾಳಿ! ದರವು 45, 100 ಕಿಲೋ ಮುಂತಾದ ಹಂತಗಳಲ್ಲಿ ಇಳಿಯುವುದರಿಂದ ಒಂಟಿಯಾಗಿ ಎರಡು ಪೆಟ್ಟಿಗೆ ಕಳುಹಿಸುವವನಿಗೆ ಕಿಲೋಗೆ ಅತಿ ಹೆಚ್ಚಿನ ದರ ಬೀಳುತ್ತದೆ. ಇನ್ನು ಹೊರಗಿನ ಪೆಟ್ಟಿಗೆ ಮರದ್ದಾದರೆ, ಶಾಖ ಸಂಸ್ಕರಣೆಯ ಕ್ರಮದಲ್ಲಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇದ್ದು, ಅದರ ಮುದ್ರೆಯೂ ಪೆಟ್ಟಿಗೆಯ ಮೇಲಿರಬೇಕು.

ಮಾವಿನ ಸಂಗತಿ ಇನ್ನೂ ಕಠಿಣ. ಅಮೆರಿಕಕ್ಕೆ ಹೋಗುವ ಹಣ್ಣಿಗೆ ವಿಕಿರಣ ಸಂಸ್ಕರಣೆ ಕಡ್ಡಾಯವಾಗಿದ್ದು, ನಮ್ಮ ರಾಜ್ಯದಲ್ಲಿ ಅದಕ್ಕೆ ಮಾನ್ಯತೆ ಪಡೆದ ಘಟಕವಿರುವುದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿ. ಮಾಗಡಿಯ ತೋಟದ ಬಾದಾಮಿ ಹಣ್ಣು ಪೂರ್ವಕ್ಕೆ ಮಾಲೂರಿಗೆ ಹೋಗಿ, ಬಳಿಕ ಉತ್ತರಕ್ಕೆ ದೇವನಹಳ್ಳಿ ಸೇರಬೇಕು. ಮಾಗಡಿ ಸೀಮೆಯನ್ನಾಳಿದ ಮನೆತನದವರ ಹೆಸರನ್ನೇ ಹೊತ್ತ ನಿಲ್ದಾಣಕ್ಕೆ ಮಾಗಡಿಯ ಹಣ್ಣು ಇಷ್ಟು ಸುತ್ತಬೇಕಾಗಿದೆ. ದಾರಿಯಲ್ಲಿ ಶೀತಲ ವಾಹನವಿಲ್ಲದಿದ್ದರೆ ನಿಲ್ದಾಣದ ಶೀತಲ ಕೇಂದ್ರವು ಎಷ್ಟು ದೊಡ್ಡದಾಗಿದ್ದರೂ ಕೆಟ್ಟ ಹಣ್ಣನ್ನು ಸರಿಪಡಿಸಲಾರದು.

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕೆ ಸರ್ಕಾರವು ಗುರುತಿಸಿದ ಮೂರು ಸ್ಥಳಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿದ್ದು, 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡವು ಅವುಗಳನ್ನು ಪರಿಶೀಲಿಸಿತು. ಇದರಿಂದ ನಮ್ಮಲ್ಲಿ ಆಸೆ ಚಿಗುರುವುದು ಸಹಜ. ಆದರೆ ಈಗಿನ ನಿಲ್ದಾಣದ ಒಪ್ಪಂದದಂತೆ, ಮೈಸೂರು ಮತ್ತು ಹಾಸನಗಳನ್ನು ಬಿಟ್ಟು, 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಬೇರೆ ನಿಲ್ದಾಣಕ್ಕೆ ಅವಕಾಶವಿಲ್ಲ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಬದಲು ಬಿಡದಿ ಅಥವಾ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಾಮೂಹಿಕ ಸರಕು ಸಂಗ್ರಹ ಕೇಂದ್ರವೊಂದನ್ನು ಕೇಳುವುದು ಲೇಸು. ಹತ್ತು ಮಂದಿಯ ಪೆಟ್ಟಿಗೆಗಳನ್ನು ಒಂದೇ ರವಾನೆಯಾಗಿ ಕೂಡಿಸಲು, ಅಳತೆಗೆ ತಕ್ಕಂತೆ ಪ್ಯಾಕ್ ಮಾಡಲು, ಹಣ್ಣನ್ನು ಕೊಯ್ದ ದಿನವೇ ತಂಪಾಗಿಸಲು ಒಂದು ಗೋದಾಮು, ಒಂದು ಶೀತಲ ಕೊಠಡಿ ಮತ್ತು ರಾತ್ರಿ ಹೊರಡುವ ಒಂದು ಲಾರಿ ಇದ್ದರೆ ಆರಂಭಿಸಬಹುದು.